ಸ್ವರ ಎಣಿಸುವ ಮೊದಲು ಪಕ್ಕದ ಧ್ವನಿ ನೋಡಿ

ಕನ್ನಡದಲ್ಲಿ ಎಷ್ಟು ಸ್ವರ ಎಂದರೆ ವರ್ಣಮಾಲೆ ಎಣಿಸುವುದು ರೂಢಿ. ಲಿಪಿ ಬಿಟ್ಟು ಕಿವಿಗೆ ಬೀಳುವುದನ್ನಷ್ಟೇ ಹಿಡಿದರೆ ಅ, ಇ, ಉ, ಎ, ಒ ಎಂಬ ಐದು, ಅವುಗಳ ದೀರ್ಘ. ಲೋಕದ ಭಾಷೆಗಳಲ್ಲಿ ಹೆಚ್ಚು ಸಿಗುವುದೂ ಐದರ ಏರ್ಪಾಡೇ. ಆದರೆ ದಾವಣಗೆರೆ, ಹರಿಹರದ ಆಡುಮಾತಿಗೆ ಐದು ಸಾಲದು.

ಪೇಟೆ ಇಲ್ಲಿ ‘ಪ್ಯಾಟಿ’, ಬೇಟೆ ‘ಬ್ಯಾಟಿ’. ಬರೆಯುವಾಗ ಯಕಾರ ಹಾಕುತ್ತೇವೆ, ಬಾಯಲ್ಲಿ ಯಕಾರವಿಲ್ಲ. ಅದು ‘ಬ್ಯಾಂಕ್’ನಲ್ಲಿರುವಂಥ ಅಗಲವಾದ ಏಕಾರ. ಮುಂದೆ ಎಕಾರವಿದ್ದರೆ ಏಕಾರ ಹೀಗೆ ಅಗಲವಾಗುತ್ತದೆ. ಬೇಲಿಯಲ್ಲಿ ಮುಂದಿರುವುದು ಇಕಾರ, ಅಲ್ಲಿ ಆಗುವುದಿಲ್ಲ. ಆಮೇಲೆ ಕೊನೆಯ ಎಕಾರವೇ ಇಕಾರವಾಯಿತು. ಕಾರಣ ಹೋಯಿತು, ಪರಿಣಾಮ ಉಳಿಯಿತು. ಮಹಾಪ್ರಾಣವಿಲ್ಲದ ಮಾತಿನಲ್ಲಿ ಭೇಟಿ ‘ಬೇಟಿ’ಯಾಗುವುದರಿಂದ ಅದಕ್ಕೂ ‘ಬ್ಯಾಟಿ’ಗೂ ಸ್ವರವೊಂದೇ ವ್ಯತ್ಯಾಸ. ಹೀಗೆ ಅರ್ಥ ಬದಲಾದ ಮೇಲೆ ಅದು ಬೇರೆ ಸ್ವರವೇ. ತಪ್ಪು ಉಚ್ಚಾರವೆಂದು ಮಕ್ಕಳನ್ನು ಗದರುವುದು ಅನ್ಯಾಯ.

ಕನ್ನಡಕ್ಕೆ ತೀರ ಹತ್ತಿರವಾದ, ನೀಲಗಿರಿಯ ಬಡಗ ಇನ್ನೂ ಮುಂದೆ ಹೋಗಿದೆ. ಅಲ್ಲಿ ನಾಲಿಗೆಯ ತುದಿ ಮಡಿಸಿ ಹೇಳುವ ಸ್ವರಗಳಿವೆ, 1930ರ ದಶಕದಲ್ಲಿ ಅದರಲ್ಲೂ ಅರೆಮಡಿಕೆ, ಪೂರ್ಣಮಡಿಕೆ ಎಂದು ಎರಡು ಹಂತಗಳಿದ್ದವು. ಭಾಷಾವಿಜ್ಞಾನಿ ಎಮೆನೊ 1939ರಲ್ಲೇ ಇದನ್ನು ವಿವರಿಸಿದರು. ಅವರ ವಿವರಣೆಯಲ್ಲಿ ಬರೀ ‘ಬೆ’ ಎಂದರೆ ಬಾಯಿ, ಅರೆಮಡಿಸಿದರೆ ಬಳೆ, ಪೂರ್ತಿ ಮಡಿಸಿದರೆ ಬೆಳೆ. ನಮ್ಮಲ್ಲಿರುವ ಳಕಾರ ಅಲ್ಲಿ ಅಳಿದು ಅದರ ಮಡಿಕೆ ಸ್ವರಕ್ಕೆ ಅಂಟಿಕೊಂಡಿದೆ.

ಕಾಕಸಸ್ ಮೂಲದ ಉಬಿಖ್ ಭಾಷೆ ಇದಕ್ಕೆ ತದ್ವಿರುದ್ಧ. ಎಂಬತ್ತಕ್ಕೂ ಹೆಚ್ಚು ವ್ಯಂಜನ, ಸ್ವರ ಎರಡೇ ಎಂಬುದು ಒಪ್ಪಿತ ಲೆಕ್ಕ. ಕಿವಿಗೆ ಇ, ಉ, ಒ ಎಲ್ಲ ಕೇಳಿಸುತ್ತವೆ, ಆದರೆ ಆ ಬಣ್ಣ ಪಕ್ಕದ ವ್ಯಂಜನದ್ದು. ಅದನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರಾದ ತೆವ್‌ಫಿಕ್ ಎಸೆಂಚ್ ಟರ್ಕಿಯಲ್ಲಿ 1992ರಲ್ಲಿ ತೀರಿಕೊಂಡರು.

ನಿಮ್ಮೂರ ಮಾತನ್ನು ಅಳೆಯಲು ಪ್ರಾಟ್ ಎಂಬ ಉಚಿತ ತಂತ್ರಾಂಶ ಸಾಕು. ಪದವನ್ನು ‘ಅವ್ರು ಬ್ಯಾಟಿ ಅಂದ್ರು’ ಎಂಬಂಥ ಒಂದೇ ಚೌಕಟ್ಟಿನೊಳಗೆ ಹೇಳಿಸಿ, ಹಲವು ಸಲ ಧ್ವನಿಮುದ್ರಿಸಿ. ಬರೆದು ತೋರಿಸಬೇಡಿ, ಅಕ್ಷರ ಕಂಡೊಡನೆ ಜನ ಪುಸ್ತಕದ ‘ಪೇಟೆ’ಗೆ ಹೊರಳುತ್ತಾರೆ. ಚಿತ್ರ ತೋರಿಸಿ. ಬಾಯಿಯ ಆಕಾರದಿಂದ ಗಟ್ಟಿಯಾಗಿ ಕೇಳುವ ಕಂಪನಾಂಕಗಳೇ ಫಾರ್ಮೆಂಟ್. ಐದು ಫಾರ್ಮೆಂಟ್‌ಗಳಿಗೆ ಗಂಡಸರ ದನಿಯಾದರೆ ಗರಿಷ್ಠ ಮಿತಿ 5000 ಹರ್ಟ್ಸ್, ಹೆಂಗಸರದಾದರೆ 5500. ಅಳೆಯುವುದು ಸ್ವರದ ನಡುಭಾಗದಲ್ಲಿ, ಅಂಚನ್ನು ವ್ಯಂಜನ ಎಳೆದಿರುತ್ತದೆ. ಬಾಯಿ ತೆರೆದಷ್ಟೂ ಮೊದಲ ಫಾರ್ಮೆಂಟ್ ಏರುತ್ತದೆ: ಗಂಡಸಿನ ಈಕಾರದಲ್ಲಿ ಸುಮಾರು 300, ಆಕಾರದಲ್ಲಿ ಸುಮಾರು 700. ‘ಬ್ಯಾ’ದ್ದು ‘ಬೇ’ಗಿಂತ ಸ್ಪಷ್ಟವಾಗಿ ಮೇಲಿರಬೇಕು. ಮಡಿಕೆಯಿದ್ದರೆ ಮೂರನೆಯದು ಕೆಳಗಿಳಿಯುತ್ತದೆ. ಊ, ಓಗಳಲ್ಲಿ ಮೊದಲ ಎರಡು ಒತ್ತೊತ್ತಾಗಿದ್ದು ಯಂತ್ರ ಅವನ್ನು ಒಂದೇ ಎಂದು ಎಣಿಸಿಬಿಡುವುದುಂಟು; ಆಗ ಎರಡನೆಯದೆಂದು ಬರುವ ಅಂಕಿ ನಿಜಕ್ಕೂ ಮೂರನೆಯದು. ಅಲ್ಲಿ ಅಂಕಿಯನ್ನು ನಂಬದೆ ಸ್ಪೆಕ್ಟ್ರೋಗ್ರಾಮಿನ (ದನಿಯ ಕಂಪನಾಂಕಗಳ ಚಿತ್ರದ) ಕಪ್ಪು ಪಟ್ಟಿಗಳನ್ನು ಕಣ್ಣಿಂದಲೇ ನೋಡಿ.