ಹೊಕ್ಕುಳಬಳ್ಳಿಯ ರಕ್ತ: ಹೆಪ್ಪು ಯಾರ ಮನೆಯದು?

ಅಕ್ಕನ ಮಗಳಿಗೆ ಈಗ ಎಂಟು ತಿಂಗಳು. ಸೀಮಂತ ಮುಗಿದ ಮರುದಿನವೇ ಫೋನ್ ಮಾಡಿದಳು. "ಚಿಕ್ಕಮ್ಮ, ಮಗುವಿನ ಹೊಕ್ಕುಳಬಳ್ಳಿ ರಕ್ತ ತೆಗೆದಿಡೋ ಕಂಪನಿಯವರು ಮನೆಗೇ ಬಂದಿದ್ರು. 75 ವರ್ಷ ಇಡ್ತಾರಂತೆ. 80 ಕಾಯಿಲೆಗೆ ಆಗುತ್ತಂತೆ. ದುಡ್ಡು ಕಂತಲ್ಲಿ ಕಟ್ಟಬಹುದಂತೆ. ಏನ್ ಮಾಡ್ಲಿ?"

ಅವಳ ದನಿಯಲ್ಲಿ ಆಸೆಗಿಂತ ಭಯವೇ ಜಾಸ್ತಿ ಇತ್ತು. ಇವತ್ತು ಬೇಡ ಅಂದು, ನಾಳೆ ಮಗುವಿಗೆ ಏನಾದರೂ ಆದರೆ? ಈ ಭಯಕ್ಕೆ ಬೆಲೆ ಕಟ್ಟಿ ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರ ಹಿಂದಿರುವ ವಿಜ್ಞಾನದ ಮೇಲೆ ಮಾತ್ರ ನನಗೆ ಪ್ರೀತಿಯೇ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಪ್ಪಿನಿಂದ ಶುರು ಮಾಡೋಣ. ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಮಾಡುವ ಇಂಥದೇ ಒಂದು ಹೆಪ್ಪು ಇದೆ. ಅದಕ್ಕೆ ಸ್ಟೆಮ್ ಸೆಲ್ ಅನ್ನುತ್ತಾರೆ, ಕನ್ನಡದಲ್ಲಿ ಕಾಂಡಕೋಶ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. 1961ರಲ್ಲಿ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕಲಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ವಿಕಿರಣ ಹಾಯಿಸಿ ಮಜ್ಜೆ ನಾಶ ಮಾಡಿದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆ ಚುಚ್ಚಿದರು. ಕೆಲವು ದಿನಕ್ಕೆ ಆ ಇಲಿಗಳ ಗುಲ್ಮದ (ಹೊಟ್ಟೆಯ ಎಡಭಾಗದಲ್ಲಿರುವ ಸ್ಪ್ಲೀನ್) ಮೇಲೆ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಬೆಳೆದದ್ದು. ಒಂದು ಕೋಶದಿಂದ ಅಷ್ಟೊಂದು ರಕ್ತ! ಇದನ್ನು ಮೊದಲು ಓದಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಇದೇ ಹೆಪ್ಪು ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯಲ್ಲಿ, ಮಾಸಿನಲ್ಲಿ ಉಳಿದ ರಕ್ತದಲ್ಲೂ ಇರುತ್ತದೆ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ ಅದನ್ನು ಮೊದಲ ಬಾರಿಗೆ ಒಂದು ಮಗುವಿಗೆ ಕೊಟ್ಟರು. ಐದು ವರ್ಷದ ಅಮೆರಿಕದ ಹುಡುಗ. ಫ್ಯಾಂಕೋನಿ ಅನೀಮಿಯ ಎಂಬ ಹುಟ್ಟು ಕಾಯಿಲೆಯಿಂದ ಅವನ ಮಜ್ಜೆ ಸೋಲುತ್ತಿತ್ತು. ರಕ್ತವನ್ನು ಅಮೆರಿಕದ ಇಂಡಿಯಾನಾದಲ್ಲಿ ಹಾಲ್ ಬ್ರಾಕ್ಸ್‌ಮೆಯರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಅತಿ ಶೀತದಲ್ಲಿ ಘನೀಕರಿಸಿ ಇಟ್ಟು ಪ್ಯಾರಿಸ್ಸಿಗೆ ಒಯ್ದಿದ್ದರು. ಹುಡುಗ ಬದುಕಿದ, ಬೆಳೆದು ದೊಡ್ಡವನಾದ.

ಈ ಕಥೆ ಹೇಳುವಾಗ ಎಲ್ಲರೂ ಬಿಟ್ಟುಬಿಡುವ ಒಂದು ಮಾತಿದೆ. ಆ ರಕ್ತ ಅವನದಲ್ಲ. ಆಗ ತಾನೇ ಹುಟ್ಟಿದ ಅವನ ತಂಗಿಯದು. ಅವನದೇ ರಕ್ತ ಇಟ್ಟಿದ್ದರೆ ಪ್ರಯೋಜನ ಇರುತ್ತಿರಲಿಲ್ಲ.

ಯಾಕೆ? ಮನೆಯ ಮೊಸರು ಲೋಳೆಯಾಯಿತು ಅನ್ನಿ. ಅದೇ ಮೊಸರಿನಿಂದ ತೆಗೆದಿಟ್ಟ ಹೆಪ್ಪು ಹಾಕಿದರೆ ನಾಳೆಯೂ ಲೋಳೆಯೇ. ಏನು ಮಾಡುತ್ತೇವೆ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ, ಅಲ್ವಾ? ಥಲಸ್ಸೀಮಿಯಾ ಎಂಬ ಹುಟ್ಟು ರಕ್ತರೋಗ ಇರುವ ಮಗುವಿನ ಪ್ರತಿ ಕೋಶದಲ್ಲೂ ಅದೇ ತಪ್ಪು ಜೀನ್ ಇದೆ. ಹೊಕ್ಕುಳಬಳ್ಳಿಯ ರಕ್ತದಲ್ಲೂ ಇದೆ. ರಕ್ತದ ಕ್ಯಾನ್ಸರ್ ಹಾಗಲ್ಲವಲ್ಲ, ಅದು ಆಮೇಲೆ ಬರುವಂಥದ್ದು ಅನ್ನಿಸಬಹುದು. ಇಲ್ಲಿ ಲಂಡನ್ನಿನ ಕ್ಯಾನ್ಸರ್ ವಿಜ್ಞಾನಿ ಮೆಲ್ ಗ್ರೀವ್ಸ್ ಅವರ ಕೆಲಸ ನೆನಪಾಗುತ್ತದೆ. ಒಂದೇ ರೂಪದ ಅವಳಿ ಮಕ್ಕಳಿಬ್ಬರಿಗೂ ಲ್ಯುಕೇಮಿಯಾ ಬಂದಾಗ, ಇಬ್ಬರ ಕ್ಯಾನ್ಸರ್ ಕೋಶಗಳಲ್ಲೂ ಒಂದೇ ಗುರುತಿನ ಜೀನ್ ಮುರಿತ ಕಾಣಿಸಿತು. ಗರ್ಭದಲ್ಲಿ ಒಂದು ಮಗುವಿನಲ್ಲಿ ಹುಟ್ಟಿದ ಕೆಟ್ಟ ಕೋಶ, ಇಬ್ಬರೂ ಹಂಚಿಕೊಂಡ ಮಾಸಿನ ಮೂಲಕ ಇನ್ನೊಂದಕ್ಕೆ ದಾಟಿತ್ತು. ಆಮೇಲೆ, ಕಾಯಿಲೆ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆದಿದ್ದ ಒಣ ರಕ್ತದಲ್ಲೂ ಆ ಗುರುತು ಸಿಕ್ಕಿತು. ಅಂದರೆ ಕಾಯಿಲೆಯ ಬೀಜ ಹುಟ್ಟುವಾಗಲೇ ರಕ್ತದಲ್ಲಿ ಇರಬಹುದು. ಅದೇ ರಕ್ತವನ್ನು ತಿರುಗಿ ಕೊಡಲು ಯಾವ ಡಾಕ್ಟರ್ ಒಪ್ಪುತ್ತಾರೆ? ಅಲ್ಲದೆ ಬೇರೆಯವರ ಬಿಳಿ ಕಣಗಳು ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ನಮ್ಮದೇ ಕಣಗಳಿಗೆ ಅವು ಮನೆಯವರ ಹಾಗೆ ಕಾಣುತ್ತವೆ.

ಮಗು ತನ್ನ ಮೊದಲ 20 ವರ್ಷದಲ್ಲಿ ತನ್ನದೇ ಹೊಕ್ಕುಳಬಳ್ಳಿ ರಕ್ತ ಬಳಸುವ ಸಾಧ್ಯತೆಯನ್ನು ತಜ್ಞರು ಅಂದಾಜು ಮಾಡಿದ್ದಾರೆ. 2,500ರಲ್ಲಿ 1ರಿಂದ 2,00,000ದಲ್ಲಿ 1. ಇದನ್ನು 'ಜೈವಿಕ ವಿಮೆ' ಎಂದು ಮಾರುವುದು ಸರಿಯಲ್ಲ ಅಂತ ನಮ್ಮ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಹೇಳಿದೆ. ಸ್ವಂತ ಸ್ಟೆಮ್ ಸೆಲ್ ಸಾಕಾಗುವ ಕೆಲವು ಕಾಯಿಲೆಗಳೂ ಇವೆ, ನಿಜ. ಅವಕ್ಕೆ ಆ ಹೊತ್ತಿಗೆ ಮಗುವಿನ ರಕ್ತದಿಂದಲೇ ಸೆಲ್ ತೆಗೆಯಬಹುದು.

ಹಾಗಾದರೆ ಪಕ್ಕದ ಮನೆ ಹೆಪ್ಪು ಎಲ್ಲರಿಗೂ ಆಗುತ್ತದಾ? ಇದು ನನಗೆ ತುಂಬ ಇಷ್ಟವಾದ ಭಾಗ. ನಮ್ಮ ಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿವೆ. ಪ್ರತಿ ಮನೆಯ ಹೊಸ್ತಿಲಿಗೂ ಬೇರೆ ಬೇರೆ ರಂಗೋಲಿ ಇದ್ದ ಹಾಗೆ. ಅರ್ಧ ರಂಗೋಲಿ ಅಮ್ಮನದು, ಅರ್ಧ ಅಪ್ಪನದು. ಹಾಗಾಗಿ ಒಡಹುಟ್ಟಿದವರ ರಂಗೋಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದೇ ಇದ್ದರೆ ದಾನಿಯ ಟಿ ಕೋಶಗಳು (ಕಾವಲು ಕಾಯುವ ಒಂದು ಬಗೆಯ ಬಿಳಿ ಕಣ) ಹೊಸ ದೇಹವನ್ನೇ ಶತ್ರು ಅಂದುಕೊಂಡು ಚರ್ಮ, ಕರುಳು, ಪಿತ್ತಜನಕಾಂಗದ ಮೇಲೆ ಬೀಳುತ್ತವೆ. ದೊಡ್ಡವರ ಮಜ್ಜೆ ಹಾಕುವಾಗ ರಂಗೋಲಿ ಹೆಚ್ಚುಕಮ್ಮಿ ಚುಕ್ಕಿಗೆ ಚುಕ್ಕಿ ಕೂಡಿದರೆ ಒಳ್ಳೆಯದು ಅನ್ನುವುದು ಇದಕ್ಕೇ. ಆದರೆ ಹೊಕ್ಕುಳಬಳ್ಳಿಯ ಟಿ ಕೋಶಗಳು ಇನ್ನೂ ಲೋಕ ಕಂಡಿಲ್ಲ. ಹಳೇ ಕಾವಲುನಾಯಿಯನ್ನು ಹೊಸ ಮನೆಗೆ ತಂದರೆ ಬಂದವರಿಗೆಲ್ಲ ಬೊಗಳುತ್ತದೆ, ಕಚ್ಚಲೂಬಹುದು. ಮರಿ ತಂದರೆ ಆ ಮನೆಯವರನ್ನೇ ತನ್ನವರು ಅಂದುಕೊಂಡು ಬೆಳೆಯುತ್ತದೆ. ಬಲಿತ ಪೈರನ್ನು ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟರೆ ಬಾಡುತ್ತದೆ. ಎಳೆ ಸಸಿ ಬೇರು ಬಿಡುತ್ತದೆ. ಹಾಗೆಯೇ ಈ ರಕ್ತವೂ. ಆರು ಗುರುತುಗಳಲ್ಲಿ ನಾಲ್ಕು ಹೊಂದಿದರೂ ನಡೆದೀತು. ನ್ಯೂಯಾರ್ಕಿನಲ್ಲಿ ಪಾಬ್ಲೊ ರುಬಿನ್‌ಸ್ಟೀನ್ ಮೊದಲ ಸಾರ್ವಜನಿಕ ಹೊಕ್ಕುಳಬಳ್ಳಿ ರಕ್ತದ ಬ್ಯಾಂಕು ಕಟ್ಟಿದ್ದು ಇದನ್ನು ನಂಬಿಯೇ. ಯಾರದೋ ಮಗುವಿನ ರಕ್ತ, ಇನ್ನಾರದೋ ಮಗುವಿಗೆ.

ಪ್ರಮಾಣದ ತೊಂದರೆಯೂ ಇದೆ. ರೋಗಿಯ ತೂಕದ ಪ್ರತಿ ಕಿಲೋಗೆ ಕಡಿಮೆ ಅಂದರೂ ಎರಡೂವರೆ ಕೋಟಿ ಕೋಶ ಬೇಕು. ಒಂದು ಚೀಲದಲ್ಲಿ ಸಾಮಾನ್ಯವಾಗಿ ಸಿಗುವುದು ನೂರು ಕೋಟಿ ಆಸುಪಾಸು. ಚಿಕ್ಕ ಮಕ್ಕಳಿಗೆ ಸಾಕು. 70 ಕಿಲೋ ತೂಗುವವರಿಗೆ ಎಲ್ಲಿ ಸಾಕು? 75 ವರ್ಷ ಇಡುತ್ತೇವೆ ಅನ್ನುವ ಭರವಸೆಯನ್ನು ಈ ಲೆಕ್ಕದ ಜೊತೆ ಇಟ್ಟು ನೋಡಿ. ಇಡುವುದೂ ಸುಲಭವಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಒಂದು ದಿನವೂ ತಪ್ಪಬಾರದು. ಸಿಂಗಪುರದ ಒಂದು ಖಾಸಗಿ ಬ್ಯಾಂಕಿನಲ್ಲಿ ತಾಪಮಾನ ಏರಿ ಸುಮಾರು 2,200 ಚೀಲ ಹಾಳಾದದ್ದು 2023ರಲ್ಲಿ ಬೆಳಕಿಗೆ ಬಂತು.

ಈ ರಕ್ತ ಕೊಟ್ಟರೆ ಆಟಿಸಂ ವಾಸಿಯಾಗುತ್ತದೆ ಅಂತಲೂ ಅವಳಿಗೆ ಯಾರೋ ಹೇಳಿದ್ದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 180 ಮಕ್ಕಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಮುಖ್ಯವಾಗಿ ಅಳೆಯಹೊರಟಿದ್ದ ಸುಧಾರಣೆ ಕಾಣಲಿಲ್ಲ.

ಇನ್ನೊಂದು ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಬಿದ್ದ ಹೊಕ್ಕುಳನ್ನು ಬೆಳ್ಳಿ ತಾಯತದಲ್ಲಿ ಹಾಕಿ ಮಗುವಿಗೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಸ್ಟೆಮ್ ಸೆಲ್ ಗೊತ್ತಿತ್ತಂತೆ. ಒಣಗಿದ ಹೊಕ್ಕುಳಲ್ಲಿ ಜೀವಂತ ಕೋಶ ಒಂದೂ ಉಳಿದಿರುವುದಿಲ್ಲ. ಅಜ್ಜಿ ಕಟ್ಟಿದ್ದು ಪ್ರೀತಿಯಿಂದ. ಆ ಪ್ರೀತಿಗೆ ಸುಳ್ಳು ವಿಜ್ಞಾನದ ಊರುಗೋಲು ಯಾಕೆ ಬೇಕು?

ನನ್ನ ಪ್ರಕಾರ ಆ ರಕ್ತಕ್ಕೆ ಒಳ್ಳೆಯ ಬ್ಯಾಂಕು ಮಗುವಿನ ಮೈ. ಹುಟ್ಟಿದ ಕ್ಷಣದಲ್ಲಿ ಮಗು ಮತ್ತು ಮಾಸು ಸೇರಿ ಇರುವ ರಕ್ತದ ಮೂರರಲ್ಲಿ ಒಂದು ಭಾಗ ಮಾಸಿನ ಕಡೆಯೇ ಇರುತ್ತದೆ. ಬಳ್ಳಿ ಕತ್ತರಿಸದೆ ಕಾದರೆ ಮೊದಲ ನಿಮಿಷದಲ್ಲೇ ಸುಮಾರು 80 ಮಿಲಿ ಲೀಟರ್, ಮೂರು ನಿಮಿಷದ ಹೊತ್ತಿಗೆ 100 ಮಿಲಿ ಲೀಟರ್ ರಕ್ತ ಮಗುವಿಗೆ ಹರಿಯುತ್ತದೆ. 3 ಕಿಲೋ ಕೂಸಿಗೆ 100 ಮಿಲಿ ಲೀಟರ್ ಅಂದರೆ ಸಣ್ಣದಲ್ಲ. ಅದರ ಜೊತೆ ಹೋಗುವ ಕಬ್ಬಿಣ ಮೊದಲ ತಿಂಗಳುಗಳಲ್ಲಿ ಕೈ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಾದಾಗ ಕೆಲವು ಮಕ್ಕಳಿಗೆ ಕಾಮಾಲೆ ತುಸು ಜಾಸ್ತಿಯಾಗಬಹುದು. ಸಾಮಾನ್ಯವಾಗಿ ಬೆಳಕಿನ ಚಿಕಿತ್ಸೆ ಸಾಕಾಗುತ್ತದೆ. ಒಂದರಿಂದ ಮೂರು ನಿಮಿಷ ಕಾಯಿರಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಹೊಸದೂ ಅಲ್ಲ. ಚಾರ್ಲ್ಸ್ ಡಾರ್ವಿನ್ನರ ಅಜ್ಜ ಇರಾಸ್ಮಸ್ ಡಾರ್ವಿನ್ 1801ರಲ್ಲೇ ಬರೆದಿದ್ದರು: ಬಳ್ಳಿಯ ಮಿಡಿತ ನಿಲ್ಲುವ ಮೊದಲು ಕತ್ತರಿಸಿದರೆ ಮಗುವಿಗೆ ಹಾನಿ ಅಂತ. ಬ್ಯಾಂಕಿನ ಚೀಲ ತುಂಬಬೇಕಾದರೆ ಬೇಗ ಕತ್ತರಿಸಬೇಕು. ಮಗುವಿಗೆ ಹರಿದಷ್ಟೂ ಚೀಲಕ್ಕೆ ಕಡಿಮೆ.

ಇಡಲೇಬೇಕಾದ ಸಂದರ್ಭವೂ ಇದೆ. ಮನೆಯಲ್ಲಿ ಆಗಲೇ ಥಲಸ್ಸೀಮಿಯಾ, ಲ್ಯುಕೇಮಿಯಾ ಥರದ ಕಾಯಿಲೆ ಇರುವ ದೊಡ್ಡ ಮಗು ಇದ್ದರೆ, ಹುಟ್ಟುವ ಮಗುವಿನ ರಕ್ತ ಇಡುವ ಬಗ್ಗೆ ರಕ್ತರೋಗ ತಜ್ಞರ ಹತ್ತಿರ ಮುಂಚೆಯೇ ಮಾತಾಡಿ. ಪ್ಯಾರಿಸ್ಸಿನ ಹುಡುಗನಿಗೆ ಆದದ್ದು ಅದೇ.

"ಹಾಗಾದ್ರೆ ನಾವು ಏನೂ ಮಾಡೋದು ಬೇಡ್ವಾ?" ಅಂತ ಅವಳು ಕೇಳಿದಳು. ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈಯಲ್ಲಿ ದಾತ್ರಿ ಎಂಬ ಸ್ಟೆಮ್ ಸೆಲ್ ದಾನಿಗಳ ನೋಂದಣಿ ಸಂಸ್ಥೆಗಳಿವೆ ಅಂದೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ನಮ್ಮ ರಂಗೋಲಿ ಅಲ್ಲಿ ದಾಖಲಾಗುತ್ತದೆ. ಎಂದೋ ಒಂದು ದಿನ ಗುರುತಿಲ್ಲದ ಯಾರಿಗಾದರೂ ಅದು ಹೊಂದಬಹುದು. ಅಳಿಯಂದಿರು ಹೆಸರು ಕೊಟ್ಟಿದ್ದಾರೆ. ಅವಳು ಹೆರಿಗೆಯಾದ ಮೇಲೆ ಕೊಡುತ್ತಾಳಂತೆ. ಸದ್ಯಕ್ಕೆ ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಕೇಳಲು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ: "ಬಳ್ಳಿ ಕತ್ತರಿಸೋಕೆ ಎಷ್ಟು ನಿಮಿಷ ಕಾಯ್ತೀರಿ?"