ಉಪ್ಪಿನಲ್ಲಿ ಪ್ಲಾಸ್ಟಿಕ್ ಎಷ್ಟಿದೆ? ಮೊದಲು ಜರಡಿ ಯಾವುದು ಹೇಳಿ

ನಮ್ಮ ಮನೆಯಲ್ಲಿ ಹರಳುಪ್ಪನ್ನು ಹಾಗೇ ಉಪ್ಪಿನಕಾಯಿಗೆ ಹಾಕುವುದಿಲ್ಲ. ಮೊದಲು ನೀರಲ್ಲಿ ಕರಗಿಸಬೇಕು. ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು. ಬೆಳಿಗ್ಗೆ ಮೇಲಿನ ತಿಳಿಯನ್ನು ಪಾಣಿಪಂಚೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಆಮೇಲೆ ಅಪ್ಪೆಮಿಡಿಗೆ ಹಾಕಬೇಕು. ಶಿರಸಿ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕ್ರಮ. ಪಾತ್ರೆಯ ತಳದಲ್ಲಿ ಉಳಿದ ಕೆಸರನ್ನು ನೋಡಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಜೇಡಿ, ಮರಳು, ಕೆಲವೊಮ್ಮೆ ಚಿಪ್ಪಿನ ಚೂರು, ಒಮ್ಮೆ ಸಣ್ಣ ಸಿಗಡಿಯ ಮೀಸೆಯಂಥದ್ದೂ ಸಿಕ್ಕಿತ್ತು.

ಈ ಸಲ ಆಯಿ ಪಂಚೆ ಕೊಡವಲು ಹೊರಟಾಗ ನಾನು ತಡೆದೆ. ಉಪ್ಪಿನಲ್ಲಿ ಮೈಕ್ರೋಪ್ಲಾಸ್ಟಿಕ್ ಇದೆ ಅಂತ ಓದಿ ಓದಿ ತಲೆ ತುಂಬಿತ್ತು. ಓದುವುದು ಸಾಕು, ಒಂದು ಸಲ ನೋಡಿಯೇ ಬಿಡೋಣ ಅನಿಸಿತು.

ನೋಡಿದೆ. ಅದಕ್ಕಿಂತ ಮೊದಲು ಉಪ್ಪಿನ ಊರಿಗೆ ಹೋಗಿಬರೋಣ.

ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ ಗೋಕರ್ಣದ ಕಡೆ ಹೊರಟರೆ ಸಾಣಿಕಟ್ಟಾ. ಬೇಸಿಗೆಯಲ್ಲಿ ಅಲ್ಲಿ ಉಪ್ಪಿನ ಆಗರಗಳು ಕನ್ನಡಿ ಹಾಸಿದ ಹಾಗೆ ಹೊಳೆಯುತ್ತವೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿಗೆ ಬತ್ತಿಸುತ್ತ ಹೋಗುತ್ತಾರೆ. ಕೊನೆಗೆ ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕುತ್ತಾರೆ. ಯಂತ್ರ ಕಡಿಮೆ, ಬಿಸಿಲು ಜಾಸ್ತಿ. ಈ ಜಿಲ್ಲೆಗೆ ಉಪ್ಪು ಅಂದರೆ ಬರೀ ರುಚಿಯಲ್ಲ, 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾನೂನು ಮುರಿದ ನೆನಪೂ ಅದರಲ್ಲಿದೆ.

ಈಗ ಸ್ವಲ್ಪ ಲೆಕ್ಕ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ನಮ್ಮ ಅಡುಗೆಯ ಉಪ್ಪು 27 ಗ್ರಾಂ ಆಸುಪಾಸು. ಅಂದರೆ ಒಂದು ಕಿಲೋ ಉಪ್ಪು ಬೇಕಾದರೆ ಸುಮಾರು 37 ಲೀಟರ್ ನೀರು ಬತ್ತಬೇಕು, ಎರಡು ದೊಡ್ಡ ಕೊಡಪಾನದಷ್ಟು ಅಂದುಕೊಳ್ಳಿ. ನೀರು ಆವಿಯಾಗಿ ಹೋಗುತ್ತದೆ, ಆದರೆ ಅದರಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ ಆವಿಯಾಗುವುದಿಲ್ಲ. ಕಾರವಾರದ ಕಡಲತೀರದಲ್ಲಿ ನಡೆದವರಿಗೆ ಗೊತ್ತು, ಹಸಿರು, ಕಿತ್ತಳೆ ಬಣ್ಣದ ಹಗ್ಗದ ತುಂಡುಗಳು, ನೈಲಾನ್ ಬಲೆಯ ಎಳೆಗಳು ಅಲೆಯ ಗೆರೆಯುದ್ದಕ್ಕೂ ಬಿದ್ದಿರುತ್ತವೆ. ಬಿಸಿಲಿಗೆ ಅವು ಪೆಡಸಾಗುತ್ತವೆ, ಮುಟ್ಟಿದರೆ ಪುಡಿಯಾಗುತ್ತವೆ. ಆ ಪುಡಿಯೇ 5 ಮಿಲಿಮೀಟರಿಗಿಂತ ಚಿಕ್ಕದಾದಾಗ ಅದರ ಹೆಸರು ಮೈಕ್ರೋಪ್ಲಾಸ್ಟಿಕ್. ಈ ಹೆಸರು ಬಳಕೆಗೆ ಬಂದಿದ್ದು ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಗಾರರು 2004ರಲ್ಲಿ ಬರೆದ ಒಂದು ಪುಟ್ಟ ಪ್ರಬಂಧದಿಂದ.

ಇಲ್ಲೊಂದು ತಮಾಷೆ ಇದೆ. ಕಡಲ ನೀರು ಸಾದಾ ನೀರಿಗಿಂತ ಸ್ವಲ್ಪವೇ ಭಾರ, ಲೀಟರಿಗೆ 1.025 ಕಿಲೋ. ಆಗರದಲ್ಲಿ ಬತ್ತುತ್ತ ಹೋದ ಹಾಗೆ ಅದು 1.2 ಕಿಲೋ ಮುಟ್ಟುತ್ತದೆ. ಪಾಲಿಥೀನ್ ಹೇಗೂ ತೇಲುತ್ತದೆ. ಆದರೆ ಬಲೆಯ ನೈಲಾನ್ ಸಮುದ್ರದಲ್ಲಿ ಮುಳುಗುವಂಥದ್ದು, ದಪ್ಪ ಉಪ್ಪುನೀರಿನಲ್ಲಿ ಅದೂ ಮೇಲೆದ್ದು ಬರುತ್ತದೆ. ಪಾಲಿಯೆಸ್ಟರ್ ಮಾತ್ರ 1.38ರಷ್ಟು ಭಾರ, ಅದು ತಳ ಹಿಡಿಯುತ್ತದೆ. ಹಾಗಾದರೆ ಆಯಿ ರಾತ್ರಿಯಿಡೀ ಉಪ್ಪುನೀರನ್ನು ತಿಳಿಯಾಗಲು ಬಿಟ್ಟರೆ ಏನಾಗುತ್ತದೆ? ಮಣ್ಣು ಕೆಳಗೆ ಕೂರುತ್ತದೆ. ಪಾಲಿಥೀನಿನಂಥ ಹಗುರ ಪ್ಲಾಸ್ಟಿಕ್ ಮೇಲೆ ತೇಲುತ್ತದೆ. ನಾವು ಜೋಪಾನವಾಗಿ ಬಗ್ಗಿಸಿಕೊಳ್ಳುವುದು ಆ ಮೇಲಿನ ತಿಳಿಯನ್ನೇ! ಈ ಪದ್ಧತಿ ಜೇಡಿಮಣ್ಣಿಗೆ ಹೇಳಿ ಮಾಡಿಸಿದ್ದು, ಪ್ಲಾಸ್ಟಿಕ್ಕಿಗಲ್ಲ. ಪಾಪ, ಅದನ್ನು ಕಂಡುಹಿಡಿದವರ ಕಾಲದಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು?

ಪ್ರಯೋಗಾಲಯದವರೂ ಇದೇ ಉಪಾಯ ಮಾಡುತ್ತಾರೆ, ಸ್ವಲ್ಪ ತಿರುವುಮುರುವಾಗಿ. ಕಡಲತೀರದ ಮರಳಿನಿಂದ ಪ್ಲಾಸ್ಟಿಕ್ ಬೇರೆ ಮಾಡಬೇಕಾದರೆ ಮರಳಿಗೆ ದಪ್ಪ ಉಪ್ಪುನೀರು ಸುರಿದು ಕಲಕುತ್ತಾರೆ. ಮರಳು ಕೂರುತ್ತದೆ, ಪ್ಲಾಸ್ಟಿಕ್ ಮೇಲೆ ಬರುತ್ತದೆ. ಆ ಉಪ್ಪಿನಲ್ಲೇ ಪ್ಲಾಸ್ಟಿಕ್ ಇದ್ದರೆ? ಅದಕ್ಕೇ ಆ ಉಪ್ಪುನೀರನ್ನು ಮೊದಲು ಸೋಸಿಕೊಂಡು ಆಮೇಲೆ ಬಳಸಬೇಕು.

ಸರಿ, ನನ್ನ ಪ್ರಯೋಗ. ಪಂಚೆಯ ಕೆಸರು ಪ್ರಯೋಜನಕ್ಕೆ ಬರಲಿಲ್ಲ. ಪಂಚೆಯ ನೂಲೇ ಅದರಲ್ಲಿ ತುಂಬಿತ್ತು. ಹಾಗಾಗಿ ಮೊದಲಿನಿಂದ ಶುರು ಮಾಡಿದೆ. ಕಾಲು ಕಿಲೋ ಹರಳುಪ್ಪು, ಒಂದು ಲೀಟರ್ ಕುದಿಸಿ ಸೋಸಿದ ನೀರು, ಗಾಜಿನ ಜಾಡಿ, ಪರಿಚಯದ ಮೇಷ್ಟ್ರೊಬ್ಬರಿಂದ ತಂದ ವಾಟ್‌ಮನ್ ಒಂದನೇ ನಂಬರಿನ ಸೋಸುಕಾಗದ, ಹಳೆಯ ಶಾಲೆಯ ಸೂಕ್ಷ್ಮದರ್ಶಕ. ಆ ಕಾಗದದ ರಂಧ್ರ 11 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ನಮ್ಮ ತಲೆಗೂದಲಿನ ದಪ್ಪ 70 ಮೈಕ್ರಾನ್ ಸುಮಾರು. ಒಂದು ಲೀಟರ್ ಇಳಿಯುವಷ್ಟರಲ್ಲಿ ಊಟ, ನಿದ್ದೆ, ಸಂಜೆಯ ಚಾ ಎಲ್ಲ ಮುಗಿಯಿತು. ಪ್ರಯೋಗಾಲಯದಲ್ಲಿ ಕೆಳಗಿನಿಂದ ಗಾಳಿ ಹೀರುವ ಪಂಪ್ ಇರುತ್ತದೆ, ನನ್ನ ಬಳಿ ಬರೀ ತಾಳ್ಮೆ ಇತ್ತು. ಅವರು ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿಮಾಡಿ ಪಾಚಿಯಂಥ ಜೈವಿಕ ಕಸವನ್ನು ಆದಷ್ಟು ಕರಗಿಸಿಬಿಡುತ್ತಾರೆ. ನಾನು ಅದನ್ನು ಮಾಡಲಿಲ್ಲ. ಅಡುಗೆಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಒಣಗಿದ ಕಾಗದವನ್ನು ಕಣ್ಣಿಗೆ ಹಿಡಿದಾಗ ಏಳು ಎಳೆ ಕಂಡವು. ಒಂದು ಕಡು ನೀಲಿ, ಒಂದು ಕೆಂಪು, ಉಳಿದವು ಬಣ್ಣವಿಲ್ಲದವು. ಜೊತೆಗೆ ಒಂದು ಚಪ್ಪಟೆ ಬಿಳಿ ಚೂರು, ಅಂಚು ಹರಿದ ಹಾಗೆ. ನನಗೆ ಖುಷಿಯೋ ಖುಷಿ. ಉಪ್ಪಿನಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಅಂತ ಖುಷಿಪಡುವ ಮನುಷ್ಯ ಎಂಥವನು ಅಂತ ಆಯಿ ನೋಡಿದಳು.

ಆ ಖುಷಿ ಮರುದಿನ ಇಳಿಯಿತು. ಪ್ರಯೋಗಾಲಯದವರು ತಪ್ಪದೆ ಮಾಡುವ ಒಂದು ಕೆಲಸ ಇದೆ, ಖಾಲಿ ಪರೀಕ್ಷೆ. ಉಪ್ಪು ಹಾಕದೆ, ಅದೇ ನೀರು, ಅದೇ ಜಾಡಿ, ಅದೇ ಕಾಗದ, ಅಷ್ಟೇ ಹೊತ್ತು. ಮಾಡಿದೆ. ಐದು ಎಳೆ ಸಿಕ್ಕವು, ಅದರಲ್ಲಿ ಒಂದು ಕಡು ನೀಲಿ. ನಾನು ಉಟ್ಟಿದ್ದ ಲುಂಗಿಯ ಬಣ್ಣ!

ಅಂದರೆ ಏಳರಲ್ಲಿ ಐದು ಉಪ್ಪಿನದ್ದೇ ಅಲ್ಲ, ಮನೆಯ ಗಾಳಿಯದ್ದು, ನನ್ನ ಬಟ್ಟೆಯದ್ದು. ಈ ಒಂದು ಹೆಜ್ಜೆ ಬಿಟ್ಟುಬಿಟ್ಟರೆ ಯಾವ ಉಪ್ಪನ್ನಾದರೂ ಕೆಟ್ಟದ್ದು ಅಂತ ತೋರಿಸಬಹುದು. ಅದಕ್ಕೇ ಈ ಕೆಲಸ ಮಾಡುವವರು ಹತ್ತಿಯ ಕೋಟು ಹಾಕುತ್ತಾರೆ, ಎಲ್ಲವನ್ನೂ ಗಾಜು ಅಥವಾ ಸ್ಟೀಲಿನಲ್ಲೇ ಮಾಡುತ್ತಾರೆ, ಪಾತ್ರೆಗಳನ್ನು ಮುಚ್ಚಿಡುತ್ತಾರೆ. ಖಾಲಿ ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು ಲೆಕ್ಕದಿಂದ ಕಳೆಯುತ್ತಾರೆ.

ಎಳೆ ಅಂದರೆಲ್ಲ ಪ್ಲಾಸ್ಟಿಕ್ ಅಲ್ಲ, ಇದು ಎರಡನೇ ಪಾಠ. ಸೂಜಿಯನ್ನು ಒಲೆಯಲ್ಲಿ ಕಾಯಿಸಿ, ಭೂತಗನ್ನಡಿ ಹಿಡಿದು, ನೀಲಿ ಎಳೆಗೆ ಮುಟ್ಟಿಸಿದೆ. ಮುದುಡಲಿಲ್ಲ, ಕರಗಲಿಲ್ಲ, ಸುಮ್ನೆ ಕಪ್ಪಾಯಿತು. ಹತ್ತಿ. ಬಣ್ಣವಿಲ್ಲದ ಒಂದು ಎಳೆ ಮಾತ್ರ ಸೂಜಿ ಹತ್ತಿರ ಬಂದ ಕೂಡಲೇ ಸುರುಳಿಯಾಗಿ ಗುಂಡಗಾಯಿತು. ಇದನ್ನು ಬಿಸಿ ಸೂಜಿ ಪರೀಕ್ಷೆ ಅನ್ನುತ್ತಾರೆ. ನಿಜವಾದ ಪ್ರಯೋಗಾಲಯಗಳಲ್ಲೂ ಮೊದಲ ಹಂತದಲ್ಲಿ ಬಳಸುತ್ತಾರೆ. ಎಳೆಗಳ ವಿಷಯದಲ್ಲಿ ಮೋಸ ಹೋಗುವುದು ನಾನೊಬ್ಬನೇ ಅಲ್ಲ. 2020ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಬೇರೆ ಬೇರೆ ಸಾಗರಗಳ 916 ನೀರಿನ ಮಾದರಿ ತೆಗೆದುಕೊಂಡು, ಸುಮಾರು 2,000 ಎಳೆಗಳನ್ನು ಒಂದೊಂದಾಗಿ ಗುರುತಿಸಿತು. ನಿಜವಾಗಿ ಪ್ಲಾಸ್ಟಿಕ್ ಆಗಿದ್ದದ್ದು 8.2 ಶೇಕಡಾ. ಉಳಿದದ್ದು ಹತ್ತಿಯಂಥ ಸಸ್ಯದ ನಾರು, ಉಣ್ಣೆಯಂಥ ಪ್ರಾಣಿಯ ನಾರು. ಬರೀ ಕಣ್ಣಿನಲ್ಲಿ ನೋಡಿ ಎಣಿಸಿದವರ ಸಂಖ್ಯೆಯನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ.

ಗುರುತಿಸುವುದು ಹೇಗೆ ಹಾಗಾದರೆ? ನೈಲ್ ರೆಡ್ ಎಂಬ ಬಣ್ಣ ಇದೆ. ಅದನ್ನು ಹಾಕಿ ನೀಲಿ ಬೆಳಕು ಬಿಟ್ಟು, ಕಿತ್ತಳೆ ಗಾಜಿನಿಂದ ನೋಡಿದರೆ ಪ್ಲಾಸ್ಟಿಕ್ ಚೂರುಗಳು ಮಿಣುಕುಹುಳದ ಹಾಗೆ ಹೊಳೆಯುತ್ತವೆ. ಎಣ್ಣೆ, ಕೊಬ್ಬು ಇದ್ದರೆ ಅದೂ ಹೊಳೆಯುತ್ತದೆ, ಹಾಗಾಗಿ ಮೊದಲು ಪೆರಾಕ್ಸೈಡ್ ಬೇಕೇ ಬೇಕು. ಇನ್ನೊಂದು ದಾರಿ ಅವಗೆಂಪು ಬೆಳಕು. ಪ್ರತಿ ಪ್ಲಾಸ್ಟಿಕ್ಕೂ ತನಗೆ ಬೇಕಾದ ಬಣ್ಣಗಳನ್ನಷ್ಟೇ ನುಂಗುತ್ತದೆ. ಯಾವುದನ್ನು ನುಂಗಿತು ಅಂತ ನೋಡಿದರೆ ಪಾಲಿಥೀನೋ ನೈಲಾನೋ ಗೊತ್ತಾಗುತ್ತದೆ. ಈ ವಿಧಾನಕ್ಕೆ ಚೂರು 10-20 ಮೈಕ್ರಾನ್ ಆದರೂ ಇರಬೇಕು.

ಅದಕ್ಕಿಂತ ಚಿಕ್ಕದಕ್ಕೆ, ಒಂದು ಮೈಕ್ರಾನ್‌ವರೆಗೂ, ರಾಮನ್ ವಿಧಾನ. ಹೌದು, ನಮ್ಮ ಸಿ.ವಿ. ರಾಮನ್. ಚೂರಿಗೆ ಲೇಸರ್ ಬಿಡುತ್ತಾರೆ, ಚದುರಿ ಬಂದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಬದಲಾಗಿರುತ್ತದೆ, ಆ ಬದಲಾವಣೆಯೇ ಆ ವಸ್ತುವಿನ ಹೆಬ್ಬೆಟ್ಟಿನ ಗುರುತು. 1921ರಲ್ಲಿ ರಾಮನ್ ಯುರೋಪಿನಿಂದ ಹಡಗಿನಲ್ಲಿ ವಾಪಸು ಬರುವಾಗ ಸಮುದ್ರ ಯಾಕೆ ನೀಲಿ ಅಂತ ತಲೆ ಕೆಡಿಸಿಕೊಂಡಿದ್ದರು. ಆ ಪ್ರಶ್ನೆಯ ಬೆನ್ನು ಹತ್ತಿದ್ದೇ 1928ರ ಶೋಧಕ್ಕೆ, 1930ರ ನೊಬೆಲ್‌ಗೆ ದಾರಿಯಾಯಿತು. ಕಡಲ ಬಣ್ಣದಿಂದ ಹುಟ್ಟಿದ ವಿದ್ಯೆ ಈಗ ಕಡಲ ಉಪ್ಪಿನಲ್ಲಿ ಕಸ ಹುಡುಕಲು ಬಂದಿದೆ. ಇದಕ್ಕೂ ತೊಂದರೆ ಇಲ್ಲದೇ ಇಲ್ಲ. ಚೂರಿಗೆ ಗಾಢ ಬಣ್ಣ ಹಾಕಿದ್ದರೆ ಕೆಲವೊಮ್ಮೆ ಬಣ್ಣದ ಗುರುತೇ ಕಾಣುತ್ತದೆ, ಪ್ಲಾಸ್ಟಿಕ್ ಅದರ ಹಿಂದೆ ಅಡಗಿಕೊಳ್ಳುತ್ತದೆ.

ಇಷ್ಟು ಗೊತ್ತಾದ ಮೇಲೆ ಸುದ್ದಿಯ ಸಂಖ್ಯೆಗಳನ್ನು ಓದಿ, ಬೇರೆಯೇ ಕಾಣುತ್ತವೆ. 2015ರಲ್ಲಿ ಚೀನಾದ ಅಂಗಡಿ ಉಪ್ಪುಗಳನ್ನು ನೋಡಿದವರಿಗೆ ಸಮುದ್ರದ ಉಪ್ಪಿನಲ್ಲಿ ಕಿಲೋಗೆ 550ರಿಂದ 681 ಚೂರು ಸಿಕ್ಕವು. 2017ರಲ್ಲಿ ಎಂಟು ದೇಶಗಳ 17 ಉಪ್ಪು ನೋಡಿದ ಇನ್ನೊಂದು ತಂಡಕ್ಕೆ ಸಿಕ್ಕಿದ್ದು ಸೊನ್ನೆಯಿಂದ 10. ಚೀನಾದ ಉಪ್ಪು ಅಷ್ಟೊಂದು ಕೆಟ್ಟದ್ದಾ? ಹಾಗೆ ಹೇಳುವಂತಿಲ್ಲ. ಎರಡನೇ ತಂಡದ ಜರಡಿಯ ಕಣ್ಣು 149 ಮೈಕ್ರಾನ್, ಎರಡು ಕೂದಲಿನಷ್ಟು ಅಗಲ. ಅದಕ್ಕಿಂತ ಚಿಕ್ಕದು ಎಷ್ಟಿದ್ದರೂ ಅವರ ಲೆಕ್ಕಕ್ಕೆ ಬರಲಿಲ್ಲ. ಚೀನಾದವರ ಜರಡಿ ಅದಕ್ಕಿಂತ ಎಷ್ಟೋ ಸಣ್ಣ ಕಣ್ಣಿನದು. ದೊಡ್ಡ ಬಲೆಗೆ ಬಂಗಡೆ ಸಿಕ್ಕರೆ ಸಣ್ಣ ಬಲೆಗೆ ತಾರ್ಲೆಯೂ ಸಿಗುತ್ತದೆ, ಅಷ್ಟೇ. ಒಂದು ಮಿಲಿಮೀಟರ್ ಅಳತೆಯ ಒಂದು ಘನವನ್ನು 0.1 ಮಿಲಿಮೀಟರಿನ ಘನಗಳಾಗಿ ಒಡೆದರೆ ಒಂದಿದ್ದದ್ದು ಸಾವಿರ ಆಗುತ್ತದೆ. ತೂಕ ಮಾತ್ರ ಅಷ್ಟೇ ಇರುತ್ತದೆ. ಬರೀ ಎಣಿಕೆ ಹೇಳುವವರು ಯಾಕೆ ಅರ್ಧ ಕಥೆ ಹೇಳಿದ ಹಾಗೆ ಅಂತ ಈಗ ಗೊತ್ತಾಯಿತಲ್ವಾ?

ತೂಕವನ್ನೂ ಹೇಳಿದ್ದು ಐಐಟಿ ಬಾಂಬೆಯ ಇಬ್ಬರು, 2018ರಲ್ಲಿ. ನಮ್ಮ ದೇಶದ ಎಂಟು ಬ್ರ್ಯಾಂಡಿನ ಸಮುದ್ರದ ಉಪ್ಪಿನಲ್ಲಿ ಒಟ್ಟು 626 ಕಣ ಸಿಕ್ಕವು, ಅದರಲ್ಲಿ 63 ಶೇಕಡಾ ಚೂರು, 37 ಶೇಕಡಾ ಎಳೆ. ತೂಕ ಕಿಲೋಗೆ ಸುಮಾರು 64 ಮೈಕ್ರೋಗ್ರಾಂ. ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ ವರ್ಷಕ್ಕೆ 117 ಮೈಕ್ರೋಗ್ರಾಂ. ಎಷ್ಟಾಯಿತು ಅದು? ಪುಡಿ ಉಪ್ಪಿನ ಒಂದು ಸಣ್ಣ ಹರಳು ಸುಮಾರು 60 ಮೈಕ್ರೋಗ್ರಾಂ ತೂಗುತ್ತದೆ. ಅಂದರೆ ವರ್ಷವಿಡೀ ತಿಂದ ಉಪ್ಪಿನಲ್ಲಿ ಅವರ ಕೈಗೆ ಸಿಗುವಂಥ ಪ್ಲಾಸ್ಟಿಕ್ ಎರಡು ಹರಳಿನ ತೂಕ. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು, ಪೂರ್ತಿ ಆಗಲಿಲ್ಲ. ಅವರ ಸಲಕರಣೆಗೂ ಸಿಗದಷ್ಟು ಸಣ್ಣ ಕಣಗಳಿರುತ್ತವೆ, ದೇಹದೊಳಗೆ ನುಸುಳುವ ಶಕ್ತಿ ಜಾಸ್ತಿ ಇರುವುದು ಅಂಥವಕ್ಕೇ. ಹಾಗಂತ ಉಪ್ಪಿನ ವಿಷಯದಲ್ಲಿ ಇವತ್ತೇ ಹೆದರಬೇಕಾದ್ದು ಪ್ಲಾಸ್ಟಿಕ್‌ಗಿಂತ ಉಪ್ಪಿಗೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಮಿತಿಯನ್ನು ನಮ್ಮ ಉಪ್ಪಿನಕಾಯಿ-ಹಪ್ಪಳದ ಊಟ ಎಲ್ಲಿ ಪಾಲಿಸುತ್ತದೆ?

2024ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಹತ್ತು ಬಗೆಯ ಉಪ್ಪು ಪರೀಕ್ಷಿಸಿತು. ಅತಿ ಹೆಚ್ಚು ಸಿಕ್ಕಿದ್ದು ಪ್ಯಾಕೆಟ್ಟಿನ ಅಯೋಡಿನ್ ಉಪ್ಪಿನಲ್ಲಿ, ಕಿಲೋಗೆ 89.15. ಅತಿ ಕಡಿಮೆ ಸಾವಯವ ಕಲ್ಲುಪ್ಪಿನಲ್ಲಿ, 6.70. ಕಲ್ಲುಪ್ಪು ಅಂದರೆ ಇಲ್ಲಿ ಗಣಿಯ ಉಪ್ಪು, ನಮ್ಮ ಹರಳುಪ್ಪಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಆ 6.70. ಗಣಿಯ ಉಪ್ಪು ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಕಡಲಿನದು, ಆಗ ಪ್ಲಾಸ್ಟಿಕ್ ಇರಲಿ, ಮನುಷ್ಯನೇ ಇರಲಿಲ್ಲ. ಅದರಲ್ಲೂ ಪ್ಲಾಸ್ಟಿಕ್ ಸಿಕ್ಕಿದೆ ಅಂದರೆ ಬಂದಿದ್ದು ಎಲ್ಲಿಂದ? ಅಗೆಯುವಾಗ, ಬೀಸುವಾಗ, ಚೀಲ ತುಂಬುವಾಗ, ಗಾಳಿಯಿಂದ. ಎಲ್ಲದಕ್ಕೂ ಸಮುದ್ರವನ್ನು ಬೈದರೆ ಆಗುವುದಿಲ್ಲ.

ನನ್ನ ಬಿಳಿ ಚೂರಿನ ಮೇಲೂ ಅದೇ ಅನುಮಾನ. ಚಪ್ಪಟೆ, ಉದ್ದಕ್ಕೆ ಸೀಳುವಂಥದ್ದು, ಅಕ್ಕಿ ಚೀಲ, ಉಪ್ಪಿನ ಚೀಲ ನೇಯುವ ಪ್ಲಾಸ್ಟಿಕ್ ಪಟ್ಟಿಯ ಹಾಗೇ ಇದೆ. ಹಿಂದೆ ಗೋಣಿಯಲ್ಲಿ ಬರುತ್ತಿದ್ದ ಉಪ್ಪು ಈಗ ಆ ಚೀಲದಲ್ಲೇ ಘಟ್ಟ ಹತ್ತುತ್ತದೆ. ಯಾವ ಊರಿನ ಉಪ್ಪು ಅಂತ ಬೇಕೆಂದೇ ಹೇಳುತ್ತಿಲ್ಲ. ಕಾಲು ಕಿಲೋ ಉಪ್ಪು, ಒಂದು ಖಾಲಿ ಪರೀಕ್ಷೆ ಇಟ್ಟುಕೊಂಡು ಯಾರನ್ನೂ ದೂರಬಾರದು.

ಕಡಿಮೆ ಮಾಡುವುದಕ್ಕೆ ದಾರಿ ಇದೆ, ಅದೇನು ದೊಡ್ಡ ತಂತ್ರಜ್ಞಾನ ಅಲ್ಲ. ಅದೇ ಐಐಟಿಯವರು ಪ್ಲಾಸ್ಟಿಕ್ ಬೆರೆಸಿದ ಸಮುದ್ರದ ನೀರನ್ನು ಬರೀ ಮರಳಿನ ಹಾಸಿನಲ್ಲಿ ಇಳಿಸಿ ನೋಡಿದರು. ಎಣಿಕೆಯಲ್ಲಿ 90 ಶೇಕಡಾಕ್ಕಿಂತ, ತೂಕದಲ್ಲಿ 85 ಶೇಕಡಾಕ್ಕಿಂತ ಜಾಸ್ತಿ ಹಿಡಿದುಕೊಂಡಿತು. ಬತ್ತಿಸುವ ಮೊದಲೇ, ನೀರು ಇನ್ನೂ ತೆಳುವಾಗಿದ್ದಾಗ ಮಾಡಬೇಕಾದ ಕೆಲಸ. ದೊಡ್ಡ ಕಾರ್ಖಾನೆಗೆ ಸುಲಭ. ಭರತದ ನೀರನ್ನೇ ನಂಬಿದ ಸಣ್ಣ ಆಗರಕ್ಕೆ ಅಷ್ಟೊಂದು ನೀರನ್ನು ಮರಳಿನಿಂದ ಇಳಿಸುವುದು ಖರ್ಚಿನ ಮಾತು. ಅಲ್ಲಿ ಮೊದಲು ಚೀಲ ಬದಲಾಯಿಸಿ ನೋಡಬಹುದು ಅಂತ ನನಗನ್ನಿಸುತ್ತದೆ.

ಆಯಿ ಈಗ ಪಾಣಿಪಂಚೆಯನ್ನು ನಾಲ್ಕು ಮಡಿಕೆ ಮಾಡುತ್ತಾಳೆ, ಮೇಲೆ ತೇಲಿದ್ದನ್ನು ಮೊದಲೇ ಸೌಟಿನಲ್ಲಿ ತೆಗೆದು ಚೆಲ್ಲುತ್ತಾಳೆ. ಬಿಳಿ ಚೂರನ್ನು ನಾನು ಎರಡು ಗಾಜಿನ ಪಟ್ಟಿಯ ನಡುವೆ ಇಟ್ಟುಕೊಂಡಿದ್ದೇನೆ, ರಾಮನ್ ಯಂತ್ರ ಇರುವ ಯಾರಾದರೂ ಸಿಕ್ಕರೆ ತೋರಿಸೋಣ ಅಂತ. ಗಾಜು ಜಾರದಂತೆ ಸೆಲೋಟೇಪ್ ಸುತ್ತಲು ಹೊರಟವನು ಕೈಯಲ್ಲಿದ್ದ ಟೇಪನ್ನೊಮ್ಮೆ ನೋಡಿ ಪಕ್ಕಕ್ಕಿಟ್ಟೆ. ಹೂ ಕಟ್ಟುವ ಬಾಳೆನಾರು ಹುಡುಕಿ ತಂದು ಕಟ್ಟಿದೆ.