ಚಾರ್ಜರ್ ಹಾಕಿದರೆ ಗುಂಯ್, ಹಾಡಿದರೆ ಚಟಚಟ: ಇಂಟರ್‌ಫೇಸ್ ಕೆಟ್ಟಿದೆಯೇ?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಮನೆ. ಲ್ಯಾಪ್‌ಟಾಪಿಗೆ ಎರಡು ಚಾನೆಲ್‌ನ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ) ಸಿಕ್ಕಿಸಿ, ಕಂಡೆನ್ಸರ್ ಮೈಕಿನಲ್ಲಿ ಭಾಗವತಿಕೆ ರೆಕಾರ್ಡ್ ಮಾಡುತ್ತೇನೆ. ಚಾರ್ಜರ್ ಹಾಕಿದ ಕೂಡಲೇ ‘ಗುಂಯ್’ ಅನ್ನುತ್ತದೆ, ತೆಗೆದರೆ ನಿಲ್ಲುತ್ತದೆ. ಮಳೆ ಹಿಡಿದ ಮೇಲೆ ನಡುನಡುವೆ ‘ಚಟ್ ಚಟ್’ ಸದ್ದೂ ಸೇರಿಕೊಂಡಿದೆ. ಅಂಗಡಿಯವರು ಹೊಸ ಇಂಟರ್‌ಫೇಸ್ ತಗೊಳ್ಳಿ ಅನ್ನುತ್ತಾರೆ. ನಿಜಕ್ಕೂ ಕೆಟ್ಟಿದೆಯೇ?

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಗುಂಯ್‌ಗುಡುವುದು ಕರೆಂಟಿನ ಕಡೆಯದು. ಚಟಚಟ ಕಂಪ್ಯೂಟರಿನದೋ ತೇವದ್ದೋ ಇರಬೇಕು. ಚಾರ್ಜರ್ ತೆಗೆದರೆ ಸದ್ದು ನಿಲ್ಲುತ್ತದೆ ಎಂದಮೇಲೆ ಇಂಟರ್‌ಫೇಸ್ ಮೇಲಿನ ಅನುಮಾನ ಅರ್ಧ ಕಳೆದಂತೆಯೇ.

ಮೊದಲು ಗುಂಯ್ ನೋಡೋಣ. ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಜ್. ನೀವು ಕೇಳುವ ಸದ್ದೂ ಅದೇ 50, ಅದರ ದುಪ್ಪಟ್ಟು 100 ಹರ್ಟ್ಜ್ ಮತ್ತು ಮುಂದಿನ ಮಡಿಗಳದ್ದು. ಲ್ಯಾಪ್‌ಟಾಪ್ ಚಾರ್ಜರಿನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸದಾ ಚೂರು ಕರೆಂಟು ಸೋರುತ್ತಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಯುಎಸ್‌ಬಿ ಕೇಬಲ್ ಹಿಡಿದು ಇಂಟರ್‌ಫೇಸಿಗೆ, ಅಲ್ಲಿಂದ ಮೈಕಿನ ಕೇಬಲಿಗೆ ನುಗ್ಗುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಮೆಲ್ಲಗೆ ಸವರಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ, ಅಥವಾ ಕೈಯಿಟ್ಟಾಗ ಗುಂಯ್ ಸದ್ದು ಏರಿಳಿದರೆ, ಅರ್ಥ್ ಇಲ್ಲವೆಂದೇ ಲೆಕ್ಕ.

ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಚಾರ್ಜರಿನಿಂದ ಗೋಡೆಯ ಕಡೆಗೆ ಹೋಗಿ. ಚಾರ್ಜರಿಗೆ ಮೂರು ಪಿನ್ ಇದ್ದರೂ ಹಳೇ ಬೋರ್ಡಿಗೆಂದು ಟೂ ಪಿನ್ ಕನ್ವರ್ಟರ್ ಹಾಕಿರುತ್ತಾರೆ. ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಮೂರು ತೂತು ಕಂಡರೂ ಒಳಗೆ ಎರಡೇ ವೈರು ಇರುವುದುಂಟು. ಇವೆರಡೂ ಸರಿಯಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಡಿಸಿ. ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ 230 ವೋಲ್ಟ್ ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ಹತ್ತು-ಹದಿನೈದು ತೋರಿಸಿದರೆ ಅರ್ಥಿಂಗ್ ಗುಂಡಿ ನೋಡಬೇಕು. ನಮ್ಮ ಜಂಬಿಟ್ಟಿಗೆ ನೆಲ ನೀರನ್ನು ಬೇಗ ಬಸಿದುಬಿಡುತ್ತದೆ. ಹಾಗಾಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಅರ್ಥಿಂಗ್ ಸೊರಗುತ್ತದೆ, ಆಗ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿದರೂ ಫರಕು ಕಾಣುತ್ತದೆ. ನಿಮಗೆ ಮಳೆಗಾಲದಲ್ಲೂ ಗುಂಯ್ ಬಿಟ್ಟಿಲ್ಲ ಎಂದರೆ ಗುಂಡಿಗೆ ಹೋಗುವ ತಂತಿಯೇ ತುಕ್ಕು ಹಿಡಿದು ತುಂಡಾಗಿದೆಯೇ ನೋಡಿಸಿ.

ಗುಂಯ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಉಪಾಯ ಹೇಳುವವರಿದ್ದಾರೆ. ಮಾಡಬೇಡಿ. ಜೀವ ಕಾಯುವ ಪಿನ್ ಅದು.

ಹೆಡ್‌ಫೋನಿನಲ್ಲಿ ಎಲ್ಲ ಶುದ್ಧವಾಗಿದ್ದು ಸ್ಪೀಕರಿನಲ್ಲಿ ಮಾತ್ರ ಗುಂಯ್ ಬಂದರೆ ಕಥೆ ಬೇರೆ. ಲ್ಯಾಪ್‌ಟಾಪಿಗೊಂದು, ಪವರ್ಡ್ ಸ್ಪೀಕರಿಗೊಂದು ಅರ್ಥ್ ದಾರಿ ಇದ್ದು, ನಡುವೆ ಆಡಿಯೊ ಕೇಬಲ್ ಸೇರಿ ಒಂದು ಸುತ್ತು ಆಗಿಬಿಟ್ಟಿರುತ್ತದೆ. ಗ್ರೌಂಡ್ ಲೂಪ್ ಅಂದರೆ ಇದೇ. ಎಲ್ಲವನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಸ್ಪೀಕರಿಗೆ ಪ್ಲಗ್ಗಿನ ಮೇಲೆ ಒಂದೇ ಕಪ್ಪು ಉಂಗುರವಿರುವ ಮಾಮೂಲಿ ಟಿಎಸ್ ಕೇಬಲ್ ಬದಲು ಎರಡು ಉಂಗುರವಿರುವ ಟಿಆರ್‌ಎಸ್ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಅಡಾಪ್ಟರ್ ಸಮೇತ ನೇರ ಇಂಟರ್‌ಫೇಸಿಗೆ ಜೋಡಿಸಿದ್ದರೆ ಅದನ್ನೂ ಒಮ್ಮೆ ಕಿತ್ತು ನೋಡಿ. ಸೆಲ್ ಹಾಕಿ ನಡೆಸಿದರೆ, ಅಥವಾ ನಡುವೆ ಗ್ರೌಂಡ್ ಲಿಫ್ಟ್ (ಆಡಿಯೊ ಕೇಬಲಿನ ಅರ್ಥ್ ಕೊಂಡಿ ಬಿಡಿಸುವ) ಸ್ವಿಚ್ ಇರುವ ಡಿಐ ಬಾಕ್ಸ್ ಎಂಬ ಜೋಡಣೆ ಪೆಟ್ಟಿಗೆ ಇಟ್ಟರೆ ಸುಮ್ಮನಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಸುವಾಗ ಬರುವ ಕರ್ಕಶ ‘ಝರ್ರ್’ ಸದ್ದಿಗೆ ಇವ್ಯಾವುದೂ ಮದ್ದಲ್ಲ. ಆಗ ಪ್ಲಗ್ ಎಲ್ಲ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಕರೆಂಟು ಹೋದಾಗ ಫ್ರಿಜ್ಜಿಲ್ಲ, ಫ್ಯಾನಿಲ್ಲ, ತೋಟದ ಪಂಪಿನ ಸದ್ದೂ ಇಲ್ಲ. ರೆಕಾರ್ಡಿಂಗಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದು ಕಷ್ಟ, ತಗಡಿನ ಮಾಡಿನ ಮೇಲೆ ಮಳೆ ಹೊಯ್ಯದಿದ್ದರೆ.

ಇನ್ನು ಚಟಚಟ. ರೆಕಾರ್ಡ್ ಆದದ್ದನ್ನು ಎರಡು ಸಲ ಕೇಳಿ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಚಟ್ ಅಂದರೆ ಫೈಲು ಚೆನ್ನಾಗಿಯೇ ಇದೆ, ಕೇಳಿಸುವಾಗ ಕಂಪ್ಯೂಟರ್ ಎಡವುತ್ತಿದೆ. ಅದೇ ಜಾಗದಲ್ಲಿ ಬಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕಾಣುವ ದನಿಯ ಅಲೆಯನ್ನು ಅಲ್ಲಿ ದೊಡ್ಡದು ಮಾಡಿ ನೋಡಿ. ಅಲೆಯ ತಲೆ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆಯಾಗಿದ್ದರೆ ಗೇನ್, ಅಂದರೆ ಮೈಕಿನ ದನಿಯನ್ನು ಇಂಟರ್‌ಫೇಸ್ ಹಿಗ್ಗಿಸುವ ಮಟ್ಟ, ಜಾಸ್ತಿಯಾಗಿದೆ. ಅಲೆ ತಟಕ್ಕನೆ ಕಡಿದು ಬೇರೊಂದು ಎತ್ತರದಿಂದ ಶುರುವಾಗಿದ್ದರೆ ಸ್ಯಾಂಪಲ್‌ಗಳು (ದನಿಯ ಒಂದೊಂದು ಕ್ಷಣದ ಅಳತೆಗಳು) ಕಳೆದುಹೋಗಿವೆ, ಅಂದರೆ ಬಫರ್ (ಕಂಪ್ಯೂಟರ್ ಒಂದು ಕಂತಿಗೆ ಎತ್ತಿಕೊಳ್ಳುವ ಸ್ಯಾಂಪಲ್‌ಗಳ ಲೆಕ್ಕ) ಸಾಲುತ್ತಿಲ್ಲ. ಅಲೆ ಅಖಂಡವಾಗಿದ್ದು ಅದರ ಮೇಲೆ ಮುಳ್ಳೋ ಗುಬ್ಬಿಯೋ ಎದ್ದಂತಿದ್ದರೆ ಮೈಕ್ ಅಥವಾ ಕೇಬಲಿನ ಕಡೆ ತಿರುಗಬೇಕು.

ಗೇನ್ ತಿದ್ದುವುದು ಸುಲಭ: 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಎತ್ತರದ ಪದದಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೇ ಇರಲಿ. ಒಂದೇ ಕೋಣೆಯಲ್ಲಿ ಚಂಡೆ ಇದ್ದರೆ ಗಾಯನಕ್ಕಲ್ಲ, ಚಂಡೆಯ ಹೊಡೆತಕ್ಕೆ ಗೇನ್ ಹೊಂದಿಸಬೇಕು.

ಬಫರಿನ ಲೆಕ್ಕ ಹೀಗೆ. 48000 ಹರ್ಟ್ಜ್ ಸ್ಯಾಂಪಲ್ ರೇಟಿನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ಅಷ್ಟರೊಳಗೆ ಕಂಪ್ಯೂಟರ್ ಒಂದು ಕಂತಿನ ಕೆಲಸ ಮುಗಿಸದಿದ್ದರೆ ಚಟ್ ಅನ್ನುತ್ತದೆ. ತನ್ನ ದನಿ ತಡವಾಗಿ ಕೇಳುತ್ತದೆಂದು ಬಫರನ್ನು 64ಕ್ಕೆ ಇಳಿಸಿ ಒದ್ದಾಡುವವರೇ ಹೆಚ್ಚು. ಅದರ ಬದಲು ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ, ಬಫರನ್ನು ನಿಶ್ಚಿಂತೆಯಿಂದ 512ಕ್ಕೆ ಏರಿಸಿ. ದನಿ ಕಂಪ್ಯೂಟರಿಗೆ ಹೋಗಿ ಬರುವ ಸುತ್ತೇ ತಪ್ಪುತ್ತದೆ. ಮಿಕ್ಸಿಂಗಿಗೆ 1024 ಇರಲಿ.

ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರದೇ ಆಸಿಯೊ (ASIO) ಡ್ರೈವರ್ ಹಾಕಿ, ದನಿಯನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ತಂತ್ರಾಂಶ ಅದು. ಅದು ಇಲ್ಲದಿದ್ದರೆ ಮಾತ್ರ ಆಸಿಯೊ4ಆಲ್ ಎಂಬ ಎಲ್ಲಕ್ಕೂ ಹೊಂದುವ ಡ್ರೈವರ್. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ವೈಫೈಯನ್ನೂ ಆಫ್ ಮಾಡಿ. ಚಾರ್ಜರ್ ಕಿತ್ತಾಗ ಗುಂಯ್ ಹೋಗಿ ಚಟಚಟ ಹೆಚ್ಚಾಯಿತು ಎಂದು ಗಾಬರಿಯಾಗುವುದು ಇಲ್ಲೇ: ಬ್ಯಾಟರಿಗೆ ಬಂದೊಡನೆ ಲ್ಯಾಪ್‌ಟಾಪ್ ತನ್ನ ವೇಗ ತಗ್ಗಿಸುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ದಾರಿಗೆ ಅಡ್ಡ ನಿಂತಿದೆಯೆಂದು ಅದು ಹೆಸರಿಟ್ಟು ತೋರಿಸುತ್ತದೆ.

ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್ ಅಷ್ಟೆ. ಅದರಲ್ಲೇ ಇಂಟರ್‌ಫೇಸೂ ನಡೆಯಬೇಕು, ಕಂಡೆನ್ಸರ್ ಮೈಕಿಗೆ ಅದರ ಕೇಬಲಿನಲ್ಲೇ 48 ವೋಲ್ಟ್ ಕರೆಂಟೂ (ಫ್ಯಾಂಟಮ್ ಪವರ್) ಹೋಗಬೇಕು. ತನ್ನದೇ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ ನಡುವೆ ಇಟ್ಟು ಮೌಸು, ಪೆನ್‌ಡ್ರೈವುಗಳಿಗೂ ಪಾಲು ಕೊಟ್ಟರೆ ಉಳಿಯುವುದೇನು? ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ.

ಮಳೆ ಹಿಡಿದ ಮೇಲೆ ಶುರುವಾದದ್ದು ಎಂದಿರಿ. ಹಾಗಾಗಿ ನಮ್ಮ ಅನುಮಾನ ಹೆಚ್ಚಾಗಿ ಮೈಕಿನ ಮೇಲೆ. ಕಂಡೆನ್ಸರ್ ಮೈಕಿನಲ್ಲಿ ದನಿ ಹಿಡಿಯುವ ಭಾಗವಾದ ಕ್ಯಾಪ್ಸೂಲ್ ವಿದ್ಯುತ್ ಚಾರ್ಜ್ ಹಿಡಿದಿಟ್ಟುಕೊಂಡು ಕೆಲಸ ಮಾಡುವಂಥದ್ದು. ತೇವದ ಪೊರೆ ಕೂತರೆ ಆ ಚಾರ್ಜ್ ಸೋರಿ ಪಟಪಟ, ಸಿಂಪಡಿಸಿದ ಹಾಗೆ ಸದ್ದಾಗುತ್ತದೆ. ಪರೀಕ್ಷೆ ಹೀಗೆ: ಅದೇ ಕೇಬಲಿಗೆ, ಅದೇ ಇನ್‌ಪುಟ್ಟಿಗೆ ಡೈನಾಮಿಕ್ ಮೈಕ್ (ಫ್ಯಾಂಟಮ್ ಬೇಡದ, ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಬಗೆಯದು) ಹಾಕಿ. ಸದ್ದು ನಿಂತರೆ ಕಂಡೆನ್ಸರ್ ಒದ್ದೆಯಾಗಿದೆ. ಫ್ಯಾಂಟಮ್ ಆಫ್ ಮಾಡಿ, ಅರ್ಧ ನಿಮಿಷ ಕಾದು ಮೈಕ್ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ಅದೇ ಹೇಳುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಕ್ಯಾಪ್ಸೂಲಿನ ತೆಳು ಹಾಳೆಗೆ ಕೂತರೆ ತೆಗೆಯಲು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈನಾಮಿಕ್ ಮೈಕಿನಲ್ಲೇ ಕೆಲಸ ಸಾಗಿಸುವುದೂ ಜಾಣತನವೇ.

ಡೈನಾಮಿಕ್ ಮೈಕಿನಲ್ಲೂ ಸದ್ದು ಬಂದರೆ ಕೇಬಲ್ ಅಲ್ಲಾಡಿಸಿ ನೋಡಿ. ಅಲ್ಲಾಡಿಸಿದಾಗ ಸದ್ದಾದರೆ ಮೈಕ್ ಕೇಬಲಿನ ತುದಿಯ ಎಕ್ಸ್‌ಎಲ್‌ಆರ್ ಪ್ಲಗ್ಗಿನ ಪಿನ್ನುಗಳಿಗೆ ಕಿಲುಬು ಹಿಡಿದಿದೆ, ಇಲ್ಲವೇ ಬೆಸುಗೆ ಬಿಟ್ಟಿದೆ. ಹತ್ತು ಸಲ ಹಾಕಿ ತೆಗೆದರೆ ಒಮ್ಮೊಮ್ಮೆ ಅಷ್ಟೇ ಸಾಕು, ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಕೊಬ್ಬರಿ ಎಣ್ಣೆ ಖಂಡಿತ ಬೇಡ.

ಇಷ್ಟೆಲ್ಲ ಆದಮೇಲೂ ಅನುಮಾನ ಉಳಿದರೆ ಇಂಟರ್‌ಫೇಸಿನ ಸರದಿ. ಮೈಕು, ಸ್ಪೀಕರು ಎಲ್ಲ ಕಿತ್ತು, ಗೇನ್ ಸೊನ್ನೆಗಿಳಿಸಿ, ಬೇರೆ ಲ್ಯಾಪ್‌ಟಾಪಿಗೆ ಬೇರೆ ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಬ್ಯಾಟರಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ. ಅಲ್ಲೂ ಚಟ್ ಅಂದರೆ ಪೆಟ್ಟಿಗೆಯದೇ ದೋಷ. ಆಗಲೂ ಹಿಂಬದಿಯ ಯುಎಸ್‌ಬಿ ಸಾಕೆಟ್ ಸಡಿಲಾಗಿದೆಯೇ ನೋಡಿಸಿ, ಅದನ್ನು ಬದಲಿಸುವ ರಿಪೇರಿಯವರು ಶಿವಮೊಗ್ಗದಲ್ಲೇ ಸಿಗುತ್ತಾರೆ.